ತಿದ್ದುಪಡಿಗಳಿದ್ದರೆ ತಿಳಿಸುವುದು

ಧಾರವಾಡದ ನಮ್ಮ ಕಾಲೇಜಿನ ನಕಾಶೆ ಕೋಣೆಯಲ್ಲಿ
ದೇಶ ಇದ್ದದ್ದು ಸಾಗವಾನಿ ಖಣದೊಳಗೆ,
ಮಡಚದೆ, ಹಾಳೆ ಹಾಳೆಯಾಗಿ,
ನಡುನಡುವೆ ಬೇವಿನೆಲೆ.
ಕಲಕತ್ತೆಯಿಂದ ರೈಲಿನಲ್ಲಿ ಬಂದದ್ದಂತೆ,
ಕಟ್ಟಿಗೆಯ ಪೆಟ್ಟಿಗೆ, ತಗಡಿನ ಪಟ್ಟಿ, ಅರಗಿನ ಮುದ್ರೆ.
ಟೇಶನ್ನಿನಿಂದ ಹೊತ್ತು ತಂದ ದವಲಸಾಬ
ಸಾಯೋತನಕ ಹೇಳುತ್ತಿದ್ದ:
"ಹಿಮಾಲಯ ಹೊತ್ತೇನ್ರಿ ನಾನು, ಈ ಹೆಗಲ ಮ್ಯಾಲೆ.
ಕೂಲಿ ಆರಾಣೆ."

ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರು.
ಹುಬ್ಬಳ್ಳಿಗೂ ನಮಗೂ ನಡುವೆ ಹೆಬ್ಬೆರಳಿನಷ್ಟು ಜಾಗ.
ಆ ಹೆಬ್ಬೆರಳ ಕೆಳಗೆ
ನವಲೂರಿನ ಪೇರಲ ತೋಟ, ಉಣಕಲ್ಲಿನ ಕೆರೆ,
ಬಸ್ಸಿನಲ್ಲಿ ಜಾಗಕ್ಕೆ ಜಗಳಾಡುತ್ತ ನಿಂತ ನಾವೆಲ್ಲ.

ನಕಾಶೆ ಬರೆಯುವ ಕಿರೇಸೂರ ಸರ್‌ಗೆ
ಅದರ ಚರಿತ್ರೆ ಬಾಯಿಪಾಠ.
ಮೊದಲು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ,
ಕಿರಾಣಿ ಅಂಗಡಿಯ ಉದ್ದರಿಯಂತೆ ಕಂತುಕಂತಾಗಿ ಬಂತು:
ಒಂದು ಸಲ ಮಳೆ, ಒಂದು ಸಲ ಮಣ್ಣು,
ಒಂದು ಸಲ ಜನ.
ಜನರ ಹಾಳೆ ಮುಟ್ಟುವುದರೊಳಗೆ
ಮುಂದಿನ ಜನಗಣತಿಯವರು ಬಾಗಿಲಲ್ಲಿ.
"ದೇಶ ಮುಂದ ಓಡತದ, ಅಟ್ಲಾಸ ಬೆನ್ನ ಹತ್ತತದ,
ಚೊಣ್ಣ ಎತ್ತಿಕೋತ" ಎಂದು ನಗುತ್ತಿದ್ದರು,
ನಿಬ್ಬಿನ ತುದಿ ಒರೆಸುತ್ತ.

ರಾಜಪತ್ರ ಕೈಗೆ ಬರದೆ ಗೆರೆ ಎಳೆದವರಲ್ಲ.
ಎಪ್ಪತ್ಮೂರರಲ್ಲಿ ಮೈಸೂರು ಎಂಬ ಅಕ್ಷರಗಳ ಮೇಲೆ
ಬಿಳಿ ಕಾಗದದ ಚೂರು ಅಂಟಿಸಿ
ಕರ್ನಾಟಕ ಎಂದು ಬರೆದರಂತೆ.
ಅಂಟು ಒಣಗುವತನಕ
ಪ್ರಿನ್ಸಿಪಾಲರನ್ನೂ ಒಳಬಿಡಲಿಲ್ಲ.
ತೊಂಬತ್ತೇಳರಲ್ಲಿ, ನಿವೃತ್ತರಾಗಿದ್ದವರನ್ನು
ನಾನೇ ಆಟೋ ಕಳಿಸಿ ಕರೆಸಿದೆ.
ಒಂದು ಜಿಲ್ಲೆ ಮೂರಾಗಿತ್ತು.
ಗದಗಿನ ಗೆರೆ, ಹಾವೇರಿಯ ಗೆರೆ,
ನಡುವೆ ಒಂದು ಚಹಾ.
ಆರಲೆಂದು ಊದುತ್ತ ಹೇಳಿದರು:
"ನಮ್ಮಾಕಿ ತವರು ಮುಳಗುಂದ.
ಇನ್ನ ಸಿಟ್ಟ ಬಂದ್ರ
ಬ್ಯಾರೆ ಜಿಲ್ಲಾಕ್ಕ ಹೋಗತಾಳ ನೋಡ್ರಿ."

ಒಂದೇ ಒಂದು ತಕರಾರು ಅವರದು.
ಅವರ ಊರ ಬೆಣ್ಣಿಹಳ್ಳ
ಹಾಳೆಯ ಮೇಲೆ ಮುರುಕು ನೀಲಿ ಗೆರೆ.
ಮುರುಕು ಗೆರೆ ಎಂದರೆ ವರ್ಷವಿಡೀ ಹರಿಯದ್ದು.
ಒಂದು ಸಂಜೆ ಅವರ ಅಣ್ಣನನ್ನು,
ಎರಡೂ ಎತ್ತು, ಚಕ್ಕಡಿ ಸಮೇತ ಒಯ್ದ ಹಳ್ಳ.
ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅಚ್ಚಾಗಿತ್ತು:
ತಿದ್ದುಪಡಿಗಳಿದ್ದರೆ ತಿಳಿಸುವುದು.
ತಿಳಿಸಿದರು.
ಹದಿನಾಲ್ಕು ವರ್ಷ, ವರ್ಷಕ್ಕೊಂದು ಕಾರ್ಡು.
ಅಣ್ಣನ ಸುದ್ದಿ ಬರೆಯಲಿಲ್ಲ;
ಅಗಲ ಎಷ್ಟು, ಆಳ ಎಷ್ಟು, ಎಷ್ಟು ದಿನ, ಅಷ್ಟೇ.
ಪ್ರತಿಸಲ ಉತ್ತರ ಬಂತು:
ತಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ.
ಹೊಸ ಹಾಳೆಯೂ ಬಂತು. ಬಣ್ಣ ಚಂದ.
ಹಳ್ಳ ಮುರುಕೇ.

"ಅವರದೇನೂ ತಪ್ಪಿಲ್ಲ ಬಿಡ್ರಿ.
ಎಂಟು ತಿಂಗಳು ಒಣಗೇ ಇರತದ.
ನಾವು ಉಳದ ನಾಕು ತಿಂಗಳಿನ ಮಂದಿ."

ಸರ್ ಹೋಗಿ ಒಂಬತ್ತು ವರ್ಷ.
ನಕಾಶೆ ಕೋಣೆಗೆ ಕಂಪ್ಯೂಟರು ಬರುತ್ತವೆಂದು
ಕಳೆದ ಮಾರ್ಚಿನಲ್ಲಿ ಖಣ ಖಾಲಿ ಮಾಡಿದೆವು.
ಹಾಳೆ ಎಣಿಸಿ, ರಜಿಸ್ಟರು ತುಂಬಿ, ಅಟ್ಟಕ್ಕೆ ಕಳಿಸುವ ಕೆಲಸ.
ಕಿಡಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಕಂಡಿತು:
ನೀಲಿ ತುಂಡುಗಳ ನಡುವಿನ ಒಂದೊಂದು ಖಾಲಿಯನ್ನೂ
ಪೆನ್ಸಿಲ್ಲು ಕೂಡಿಸಿತ್ತು.
ಶಾಯಿಯಲ್ಲ. ಹಾಳೆ ಸರಕಾರದ್ದು.
ಒಂದು ತಿರುವಿನಲ್ಲಿ ಸಣ್ಣ ಗುಣಾಕಾರ ಚಿಹ್ನೆ,
ಸೂಚಿಯಲ್ಲಿ ಅದಕ್ಕೆ ಅರ್ಥ ಕೊಟ್ಟಿಲ್ಲ.

"ಇದನ್ನ ಅಳಸಲೇನ್ರಿ ಮೇಡಂ?"
ದವಲಸಾಬನ ಮೊಮ್ಮಗನ ಕೈಯಲ್ಲಿ ರಬ್ಬರು.
"ಬ್ಯಾಡ. ಮಳಿಗಾಲ ಮುಗೀಲಿ" ಅಂದೆ,
ಯಾವ ಮಳೆಗಾಲವೆಂದು ಅವನು ಕೇಳಲಿಲ್ಲ.

ರಜಿಸ್ಟರಿನ ಕೊನೆಯ ಕಲಮು, ಹಾಳೆಯ ಸ್ಥಿತಿ:
ಹರಿದಿದೆ, ಹರಿದಿಲ್ಲ,
ಬೇಡದ್ದನ್ನು ಹೊಡೆದುಹಾಕಿ.
ಹಾಳೆಗೆ ಒಂದು ಗೀರೂ ಇರಲಿಲ್ಲ.
ನಾನು ಎರಡನೆಯದನ್ನು ಹೊಡೆದು
ರುಜು ಮಾಡಿದೆ.